ತರುವಾಯ ಏನಾಯಿತೆಂದರೆ

ಪ್ರೀತಿಯ ಮೂರೂವರೆ,

ಹೇಗಿದ್ದೀಯ? ಹುಬ್ಬಳ್ಳಿಯಲ್ಲಿ ಒಳ್ಳೆ ಮಳೆಯಂತೆ. ಇಲ್ಲಿ ದಾವಣಗೆರೆಯಲ್ಲಿ ಮೋಡ ಬರುತ್ತದೆ, ಸುಮ್ನೆ ನೋಡಿ ಹೋಗುತ್ತದೆ. ಮೆಕ್ಕೆಜೋಳ ಹಾಕಿದವರು ದಿನಾ ಕತ್ತೆತ್ತಿ ನೋಡುತ್ತಿದ್ದಾರೆ. ಸೈಕಲ್ ಇನ್ನೂ ನಮ್ಮ ಹಿತ್ತಲಲ್ಲೇ ಇದೆ. ಅದು ನಿನ್ನದಾ ನನ್ನದಾ ಅನ್ನುವ ಮಾತು ಈ ಪತ್ರದಲ್ಲಿ ಬೇಡ, ಆಯ್ತಾ? ಓದುತ್ತಿರುವ ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಮೂರೂವರೆ ಅಂದರೆ ಏನು ಅಂತ ಕೇಳಲೂಬೇಡಿ. ಅದು ನಮ್ಮಿಬ್ಬರಿಗೂ ಕುಂದವಾಡ ಕೆರೆಗೂ ಮಾತ್ರ ಗೊತ್ತು.

ಇದನ್ನು ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಫೋನ್ ಮಾಡಿದೆ ಕೂಡ. ನೀನು ಮಗಳ ಶಾಲೆ ಸೀಟಿನ ವಿಷಯ ಹೇಳಿದೆ, ನಾನು ಹೂಂ ಅಂದು ಇಟ್ಟೆ. ಎಲ್ಲರೂ ನೋಡುವ ಕಡೆ ಯಾಕೆ ಬರೆಯುತ್ತಿದ್ದೇನೆ ಅನ್ನುವುದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ಹೋದ ತಿಂಗಳು ಒಂದು ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಸತ್ಯವೇದದ, ಅಂದರೆ ಬೈಬಲಿನ, ಜ್ಞಾನೋಕ್ತಿಗಳ ಪುಸ್ತಕದಿಂದ 26ನೇ ಅಧ್ಯಾಯ ತೆಗೆದರು. ಗುಂಡಿ ತೋಡಿದವನು ಅದರಲ್ಲೇ ಬೀಳುತ್ತಾನೆ, ಕಲ್ಲು ಉರುಳಿಸಿದವನ ಮೇಲೇ ಆ ಕಲ್ಲು ತಿರುಗಿ ಉರುಳುತ್ತದೆ ಅನ್ನುವ ಮಾತು. ಅದು 27ನೇ ವಚನ. ನನಗೆ ಬಾಯಿಪಾಠ. ನಿನಗೂ ಗೊತ್ತಿರಬೇಕು, ನಮ್ಮ ಮನೆಯಲ್ಲಿ ಅವರೆಕಾಳು ಉಪ್ಪಿಟ್ಟು ತಿನ್ನುತ್ತ ಎಷ್ಟು ಸಲ ಕೇಳಿದ್ದೀಯ. ಅಜ್ಜಿ ದಪ್ಪ ಸತ್ಯವೇದವನ್ನು ತೊಡೆ ಮೇಲೆ ಇಟ್ಟುಕೊಂಡು ಜೋರಾಗಿ ಓದುತ್ತಿದ್ದಳಲ್ಲ, ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ರಾಣಿ ಎಸ್ತೇರಳ ಕಥೆ. ಅಪ್ಪ ಮಿಲ್ಲಿನಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಹಾಮಾನನ ಪಾಳಿ ಬರುತ್ತಿತ್ತು.

ನಿನಗೆ ನೆನಪಿದೆಯಾ ನೋಡು. ಶೂಷನ್ ಪಟ್ಟಣ, 127 ಸಂಸ್ಥಾನಗಳನ್ನು ಆಳುವ ರಾಜ ಅಹಷ್ವೇರೋಷ. ಅವನ ಕೈಕೆಳಗೆ ಎಲ್ಲರಿಗಿಂತ ದೊಡ್ಡವನು ಹಾಮಾನ. ಇಡೀ ಊರು ಅವನಿಗೆ ಬಗ್ಗುತ್ತದೆ, ಒಬ್ಬ ಯೆಹೂದಿ ಮೊರ್ದೆಕೈ ಮಾತ್ರ ಬಗ್ಗುವುದಿಲ್ಲ. ಅಷ್ಟಕ್ಕೇ ಹಾಮಾನನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮೊರ್ದೆಕೈ ಒಬ್ಬನನ್ನು ಕೊಂದರೆ ಸಾಲದು, ಅವನ ಜನರನ್ನೆಲ್ಲ ಮುಗಿಸಬೇಕು ಅಂತ ಚೀಟಿ ಹಾಕಿ ದಿನ ಗೊತ್ತು ಮಾಡುತ್ತಾನೆ. ಆ ಚೀಟಿಯ ಹೆಸರು ಪೂರ್. ಅದರಿಂದಲೇ ಪೂರೀಮ್ ಅನ್ನುವ ಹಬ್ಬ. ಇವತ್ತಿಗೂ ಯೆಹೂದ್ಯರು ಆ ಹಬ್ಬದ ದಿನ ಈ ಪುಸ್ತಕವನ್ನು ಪೂರ್ತಿ ಓದುತ್ತಾರೆ. ಹಾಮಾನನ ಹೆಸರು ಬಂದಾಗಲೆಲ್ಲ ಆ ಹೆಸರು ಕೇಳಿಸದ ಹಾಗೆ ಗದ್ದಲ ಮಾಡುತ್ತಾರೆ. ಅಜ್ಜಿಗೆ ಅದೆಲ್ಲ ಗೊತ್ತಿರಲಿಲ್ಲ, ಆದರೆ ಹಾಮಾನ ಅಂದ ತಕ್ಷಣ ನಾವಿಬ್ಬರೂ ತಟ್ಟೆ ಬಡಿಯುತ್ತಿದ್ದೆವು.

ಹೆಂಡತಿ ಮತ್ತು ಗೆಳೆಯರ ಮಾತು ಕೇಳಿ ಹಾಮಾನ ಮೊರ್ದೆಕೈಗೆ ಗಲ್ಲುಮರ ಎಬ್ಬಿಸುತ್ತಾನೆ. 50 ಮೊಳ ಎತ್ತರ. ಅಂದರೆ ಹೆಚ್ಚುಕಡಿಮೆ 75 ಅಡಿ. "ಅಷ್ಟೊಂದು ಎತ್ತರ ಯಾಕಜ್ಜಿ" ಅಂತ ನೀನೇ ಕೇಳಿದ್ದು. "ಊರಿಗೆಲ್ಲ ಕಾಣ್ಲಿ ಅಂತ ಕಣೋ" ಅಂದಳು. ಅದೇ ರಾತ್ರಿ ರಾಜನಿಗೆ ನಿದ್ದೆ ಬರುವುದಿಲ್ಲ. ಹಳೆಯ ದಫ್ತರ ಓದಿಸುತ್ತಾನೆ. ಹಿಂದೊಮ್ಮೆ ಇಬ್ಬರು ಬಾಗಿಲು ಕಾಯುವವರು ತನ್ನನ್ನು ಕೊಲ್ಲಲು ನೋಡಿದ್ದು, ಮೊರ್ದೆಕೈ ಅದನ್ನು ತಿಳಿಸಿ ಉಳಿಸಿದ್ದು ಅದರಲ್ಲಿ ಸಿಗುತ್ತದೆ. ಅವನಿಗೆ ಏನು ಮರ್ಯಾದೆ ಮಾಡಿದಿರಿ ಅಂದರೆ ಏನೂ ಇಲ್ಲ. ಅಷ್ಟರಲ್ಲಿ ಮೊರ್ದೆಕೈಯನ್ನು ಗಲ್ಲಿಗೆ ಹಾಕಲು ಅಪ್ಪಣೆ ಕೇಳೋಣ ಅಂತ ಹಾಮಾನ ಅಂಗಳಕ್ಕೆ ಬಂದಿರುತ್ತಾನೆ. ರಾಜ ಕೇಳುತ್ತಾನೆ, ನಾನು ಸನ್ಮಾನ ಮಾಡಬೇಕು ಅಂದುಕೊಂಡವನಿಗೆ ಏನು ಮಾಡಬೇಕು ಹೇಳು. ಹಾಮಾನ ತನಗೇ ಅಂದುಕೊಳ್ಳುತ್ತಾನೆ. ರಾಜನ ಬಟ್ಟೆ, ರಾಜನ ಕುದುರೆ, ದೊಡ್ಡ ಅಧಿಕಾರಿಯೊಬ್ಬ ಮುಂದೆ ಸಾರುತ್ತ ಹೋಗಬೇಕು ಅನ್ನುತ್ತಾನೆ. ಸರಿ, ಹೋಗು, ಮೊರ್ದೆಕೈಗೆ ಹಾಗೇ ಮಾಡು. ಇಲ್ಲಿಗೆ ಬಂದಾಗ ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. ಆಮೇಲೆ ಅವಳ ಆ ಪದ. "ತರುವಾಯ..." ಕೊನೆಗೆ ಹಾಮಾನನನ್ನು ಗಲ್ಲಿಗೆ ಹಾಕಿದ್ದು ಅವನೇ ಎಬ್ಬಿಸಿದ ಆ ಮರಕ್ಕೇ.

ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಅವರು ಸತ್ಯವೇದವನ್ನು ಕನ್ನಡಕ್ಕೆ ತಂದು 200 ವರ್ಷ ಆಗುತ್ತ ಬಂತು. ಊರವರೆಲ್ಲ ಆಮೇಲೆ ಅಂದರೂ ನಮ್ಮ ಮನೆಯಲ್ಲಿ ಮಾತ್ರ ಓದುವಾಗ ಸತ್ಯವೇದದ ಮಾತಿನ ಹಾಗೆ ತರುವಾಯ. ಕೇಳಿ ಕೇಳಿ ಅದು ನನ್ನ ಕೈಗೂ ಅಂಟಿಕೊಂಡಿತು. ಏಳನೇ ಕ್ಲಾಸಿನ ನಿಬಂಧದಲ್ಲಿ ನಾನು ಅದನ್ನು ಒಂದೇ ಪುಟದಲ್ಲಿ ಒಂಬತ್ತು ಸಲ ಬರೆದಿದ್ದನ್ನು ನೀನು ಎಣಿಸಿ ಕ್ಲಾಸಿಗೆಲ್ಲ ಸಾರಿದೆ. ಅವತ್ತಿನಿಂದ ಎಸ್‌ಎಸ್‌ಎಲ್‌ಸಿವರೆಗೂ ನನ್ನ ಹೆಸರು ಏನಾಯಿತು ಅಂತ ಇಲ್ಲಿ ಹೇಳುವುದಿಲ್ಲ.

ಪಾಸ್ಟರ್ ಅವತ್ತು ಪ್ರಸಂಗ ಚೆನ್ನಾಗಿ ಮಾಡಿದರು. ಕೀರ್ತನೆಗಳ ಪುಸ್ತಕದಲ್ಲಿ ಇದೇ ಗುಂಡಿಯ ಮಾತು 7, 9, 35, 57ರಲ್ಲೆಲ್ಲ ಬರುತ್ತದೆ ಅಂತ ತೋರಿಸಿದರು. ಪ್ರಸಂಗಿ ಪುಸ್ತಕದ 10ನೇ ಅಧ್ಯಾಯದಲ್ಲೂ ಇದೆ. ಗುಂಡಿ ತೋಡುವವನು ಬೀಳುತ್ತಾನೆ, ಗೋಡೆ ಒಡೆಯುವವನಿಗೆ ಹಾವು ಕಚ್ಚುತ್ತದೆ. ಜನ ಹೂಂ ಹೂಂ ಅಂದರು. ನಮ್ಮಲ್ಲೂ ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರಲ್ಲ, ಎಲ್ಲರಿಗೂ ತಿಳಿದ ಮಾತೇ. ನನ್ನ ಪಕ್ಕ ಕೂತವರು ಮೆಲ್ಲಗೆ, "ನಮ್ಮ ಷಡ್ಡಕ ಇದನ್ನ ಕೇಳ್ಬೇಕಿತ್ತು ನೋಡಿ" ಅಂದರು.

ನನಗೆ ಅಲ್ಲಿ ಕೂರಲು ಆಗಲಿಲ್ಲ, ಎದ್ದು ಹೊರಗೆ ಬಂದೆ.

ಯಾಕೆಂದರೆ ನಾನೂ ಮೂರು ವರ್ಷದಿಂದ ಆ ವಚನವನ್ನು ಹಾಗೇ ಓದುತ್ತಿದ್ದೆ. ಪ್ರತಿ ಸಲ ಓದಿದಾಗಲೂ ಕಣ್ಣ ಮುಂದೆ ಒಬ್ಬರ ಮುಖ ಬರುತ್ತಿತ್ತು. ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಹೆಸರು ಹೇಳುವುದಿಲ್ಲ, ಶಾಲೆಯ ಹೆಸರೂ ಬೇಡ. ಹತ್ತನೇ ಕ್ಲಾಸಿನ ಗಣಿತವನ್ನು ನಾನು 14 ವರ್ಷ ಮಾಡಿದ್ದೆ. ಒಂದು ಜೂನ್‌ನಲ್ಲಿ ಟೈಮ್‌ಟೇಬಲ್ ಹಾಕಿದಾಗ ಅದು ಅವರ ಹೆಸರಿನ ಎದುರಿಗಿತ್ತು. ನನಗೆ ಎಂಟನೇ ಕ್ಲಾಸು. ಅವರು ಕೇಳಿ ತಗೊಂಡಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಆದರೂ ಅವರು ಕೈಗಂಟಿದ ಚಾಕ್‌ಪೀಸಿನ ಪುಡಿಯನ್ನು ಕೊಡವಿಕೊಂಡು ಸ್ಟಾಫ್‌ರೂಮಿಗೆ ಬರುವುದನ್ನು ನೋಡಿದರೆ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತಿತ್ತು.

ಹಾಮಾನ ಒಂದು ಮಾತು ಹೇಳುತ್ತಾನೆ, ಎಸ್ತೇರಳ ಪುಸ್ತಕದ 5ನೇ ಅಧ್ಯಾಯದ ಕೊನೆಯಲ್ಲಿದೆ. ಮನೆಗೆ ಬಂದು ಹೆಂಡತಿಯ ಮುಂದೆ ತನ್ನ ಸಂಪತ್ತು, ಮಕ್ಕಳು, ರಾಜ ಕೊಟ್ಟ ಪದವಿ ಎಲ್ಲ ಎಣಿಸುತ್ತಾನೆ. ಎಣಿಸಿ ಮುಗಿಸಿ, ಆ ಮೊರ್ದೆಕೈ ಅರಮನೆ ಬಾಗಿಲಲ್ಲಿ ಕೂತಿರುವುದನ್ನು ನೋಡುವ ತನಕ ಇದೆಲ್ಲ ಇದ್ದೂ ನನಗೆ ಏನು ಬಂತು ಅನ್ನುತ್ತಾನೆ. ಈ ಮಾತನ್ನು ಚಿಕ್ಕವರಿದ್ದಾಗ ನಾವು ಗಮನಿಸಲಿಲ್ಲ, ನಮಗೆ ಗಲ್ಲುಮರದ ಮೇಲೇ ಕಣ್ಣು. ಈಗ ಓದಿದರೆ ಇಡೀ ಕಥೆಯಲ್ಲಿ ನನಗೆ ಭಯವಾಗುವ ಮಾತು ಅದೊಂದೇ. ಅವನಿಗೆ ಎಲ್ಲ ಇತ್ತು ಕಣೋ. ನನಗೂ ಇತ್ತು. ಕೆಲಸ, ಸ್ವಂತ ಮನೆ, ಹೆಂಡತಿ, ಮಗ, ಭಾನುವಾರ ಬೆಣ್ಣೆ ದೋಸೆ. ಒಬ್ಬ ಮನುಷ್ಯ ಎದುರಿನ ಕುರ್ಚಿಯಲ್ಲಿ ಕೂತಿದ್ದ ಅನ್ನುವುದಕ್ಕೆ ಅದೆಲ್ಲ ಸಪ್ಪೆಯಾಯಿತು.

ನಾನು ಮೂಗರ್ಜಿ ಬರೆದೆ.

ಬರೆದುಬಿಟ್ಟೆ ನೋಡು, ಇದನ್ನು ಇಷ್ಟು ಬೇಗ ಹೇಳಬೇಕು ಅಂದುಕೊಂಡಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಬಸ್ ಹತ್ತಿ ಹರಿಹರಕ್ಕೆ ಹೋಗಿ, ಗುರುತಿಲ್ಲದ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಅಲ್ಲೇ ಅಂಚೆಗೂ ಹಾಕಿದೆ, ಮೇಲಿನ ಕಚೇರಿಗೆ ಒಂದು, ಆಡಳಿತ ಮಂಡಳಿಗೆ ಒಂದು. ಕೆಳಗೆ "ನೊಂದ ಪೋಷಕರು" ಅಂತ ಹಾಕಿದೆ. ಆ ಮೇಷ್ಟ್ರ ಮನೆಗೆ ಸಂಜೆ ಹನ್ನೊಂದು ಮಕ್ಕಳು ಹೋಗುವುದು ನಿಜ. ದುಡ್ಡು ತಗೊಂಡು ಪಾಠ ಹೇಳುತ್ತಾರೆ, ಬಂದವರಿಗೆ ಇಂಟರ್ನಲ್ ಮಾರ್ಕ್ಸ್ ಜಾಸ್ತಿ ಹಾಕುತ್ತಾರೆ ಅನ್ನುವುದನ್ನು ನಾನು ಸೇರಿಸಿದೆ. ಅವರು ಒಂದು ರೂಪಾಯಿ ತಗೊಳ್ಳುತ್ತಿರಲಿಲ್ಲ. ಆ ಮಕ್ಕಳಲ್ಲಿ ಜಾಸ್ತಿ ಜನ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮನೆಯವರು. ಅದೂ ನನಗೆ ಗೊತ್ತಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಖುಷಿಯಾಗಿದ್ದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನಿಜವಾಗಲೂ ಖುಷಿಯಾಗಿದ್ದೆ. ಮನೆಗೆ ಬರುವಾಗ ಮಗನಿಗೆ ಮಿರ್ಚಿ ಕಟ್ಟಿಸಿಕೊಂಡು ಬಂದೆ.

ವಿಚಾರಣೆಗೆ ಬಂದರು. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ನನ್ನನ್ನು ಕೇಳಿದಾಗ, "ನನಗೆ ಗೊತ್ತಿಲ್ಲ ಸಾರ್, ಅವರು ಒಳ್ಳೆಯವರು" ಅಂದೆ. ಅದೇ 26ನೇ ಅಧ್ಯಾಯದಲ್ಲಿ, ಗುಂಡಿಯ ವಚನಕ್ಕಿಂತ ಸ್ವಲ್ಪ ಮೇಲೆ, ಹಗೆಯವನು ಸವಿಯಾಗಿ ಮಾತಾಡಿದರೆ ನಂಬಬೇಡ, ಅವನ ಹೃದಯದಲ್ಲಿ ಏಳು ಅಸಹ್ಯಗಳಿರುತ್ತವೆ ಅಂತ ಇದೆ. ಏಳು ಅನ್ನುವ ಲೆಕ್ಕ ಯಾಕೆ ಅಂತ ಮೊದಲು ಅನಿಸುತ್ತಿತ್ತು. ಈಗ ಒಂದೊಂದೇ ಎಣಿಸಬಲ್ಲೆ.

ವಿಚಾರಣೆಯಲ್ಲಿ ಏನೂ ಸಿಗಲಿಲ್ಲ, ಸಿಗುವಂಥದ್ದು ಏನೂ ಇರಲಿಲ್ಲ. ಆದರೆ ಆಡಳಿತ ಮಂಡಳಿಯವರಿಗೆ ಹೆದರಿಕೆ ಹತ್ತಿತು. ಇನ್ನು ಮೇಲೆ ಯಾವ ಶಿಕ್ಷಕರ ಮನೆಯಲ್ಲೂ ಪಾಠ ನಡೆಯಬಾರದು, ದುಡ್ಡಿಗಾಗಲಿ ಪುಕ್ಕಟೆಯಾಗಲಿ, ಮನೆಯವರು ಯಾರೂ ಹೇಳಿಕೊಡಬಾರದು ಅಂತ ಬರೆಸಿ ಎಲ್ಲರ ಸಹಿ ಹಾಕಿಸಿಕೊಂಡರು. ನಮ್ಮ ಮನೆಯವಳು ಮುಂದಿನ ಕೋಣೆಯಲ್ಲಿ ಸಣ್ಣ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳಲ್ಲ, ನಿನ್ನ ಮಗಳೂ ಒಂದು ಬೇಸಿಗೆ ಬಂದಿದ್ದಳು. ಅದು ನಿಂತಿತು. ಮನೆ ಸಾಲದ ಕಂತಿಗೆ ಅವಳ ಆ ದುಡ್ಡೇ ಆಸರೆ. ಮಕ್ಕಳಿಗೆ ಹಾಸುತ್ತಿದ್ದ ಚಾಪೆಗಳನ್ನು ಅವಳು ಸುತ್ತಿ ಅಟ್ಟಕ್ಕೆ ಹಾಕುವಾಗ ಕೆಳಗೆ ನಿಂತು ಎತ್ತಿಕೊಟ್ಟವನು ನಾನು. "ಯಾವ ಪಾಪಿ ಬರೆದನೋ" ಅಂದಳು. ನಾನು ಹೂಂ ಅಂದೆ.

ಆಗ ನನಗೆ ಸ್ವಲ್ಪ ನೆಮ್ಮದಿಯೂ ಆಯಿತು ಅಂದರೆ ನೀನು ನಂಬಲಿಕ್ಕಿಲ್ಲ. ಗುಂಡಿ ತೋಡಿದೆ, ಬಿದ್ದೆ, ಲೆಕ್ಕ ಚುಕ್ತಾ ಆಯಿತು ಅಂದುಕೊಂಡೆ. ಕಂತು ಕಟ್ಟಲು ಸೊಸೈಟಿಯಲ್ಲಿ ಸಾಲ ಮಾಡಿದಾಗ ಇದೇ ನನ್ನ ದಂಡ ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಆದರೆ ಆ ಹನ್ನೊಂದು ಮಕ್ಕಳ ಲೆಕ್ಕ ಎಲ್ಲಿ ಬರೆಯಲಿ? ಅವರ ಸಂಜೆಯ ಪಾಠವೂ ನಿಂತಿತಲ್ಲ. ಒಬ್ಬ ಹುಡುಗ ಆ ವರ್ಷ ಗಣಿತದಲ್ಲಿ ಹೋದ. ಈಗ ಭಟ್ಟಿಯಲ್ಲೇ ಅಪ್ಪನ ಜೊತೆ ಮರಳು ಕಾಯಿಸುತ್ತಾನೆ. ದಾನಿಯೇಲನ ಪುಸ್ತಕದಲ್ಲಿ ಅವನ ಮೇಲೆ ದೂರು ಹೇಳಿ ಸಿಂಹಗಳ ಗವಿಗೆ ಹಾಕಿಸಿದ ಜನರನ್ನು ರಾಜ ದಾರ್ಯಾವೆಷ ಕೊನೆಗೆ ಅದೇ ಗವಿಗೆ ಹಾಕಿಸುತ್ತಾನೆ. ಎಲ್ಲರೂ ಅಲ್ಲಿಗೆ ಚಪ್ಪಾಳೆ ಹೊಡೆಯುತ್ತಾರೆ. ಆದರೆ 6ನೇ ಅಧ್ಯಾಯದ 24ನೇ ವಚನ ಪೂರ್ತಿ ಓದಿದರೆ, ಅವರ ಹೆಂಡಿರು ಮಕ್ಕಳನ್ನೂ ಹಾಕಿಸಿದ ಅಂತ ಇದೆ. ನನಗೆ ಆ ಸಾಲು ಯಾವತ್ತೂ ಅರಗಿಲ್ಲ. ದಾನಿಯೇಲನ ದೇವರು ಹಾಗೆ ಮಾಡು ಅಂತ ಹೇಳಿದ್ದು ಅಲ್ಲಿಲ್ಲ, ಅದು ರಾಜನ ಅಪ್ಪಣೆ. ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದರೆ ಅವಳೂ ಉತ್ತರ ಹೇಳದೆ ಪುಟ ತಿರುವಿದ್ದಳು. ಈಗ ಅದರಲ್ಲಿ ಒಂದು ನಿಜ ಕಾಣುತ್ತದೆ, ಕಂಡು ಸಂಕಟವಾಗುತ್ತದೆ. ಒಬ್ಬ ತೋಡಿದ ಗುಂಡಿಯ ಹತ್ತಿರ ಆಡುವ ಮಕ್ಕಳೂ ಇರುತ್ತಾರೆ.

ಇನ್ನೂ ಒಂದು ಇದೆ. ಇದನ್ನು ಹೇಳದೆ ಮುಗಿಸಬೇಕು ಅಂತಲೇ ಕೂತಿದ್ದೆ.

ಮರುವರ್ಷ ಆ ಮೇಷ್ಟ್ರ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಅವರು ಮೂರು ವಾರ ರಜೆ ಹಾಕಿದರು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಅಯ್ಯೋ ಅಂದರು, ನಾನೂ ಅಂದೆ. ಒಳಗೆ ಏನಂದೆ ಗೊತ್ತಾ? ಬಿತ್ತಿದ್ದನ್ನು ಕೊಯ್ಯುತ್ತಿದ್ದಾರೆ ಅಂದೆ. ಅವರು ಏನು ಬಿತ್ತಿದ್ದರು? ನನ್ನ ಪೀರಿಯಡ್ ತಗೊಂಡಿದ್ದರು, ಅಷ್ಟೇ. ಅದಕ್ಕೆ ಒಬ್ಬ ಹೆಣ್ಣುಮಗಳ ಮೂಳೆ ಮುರಿಯುವುದು ದೇವರ ನ್ಯಾಯ ಅಂತ ನನ್ನ ಮನಸ್ಸು ಒಪ್ಪಿತು. ಮೂಗರ್ಜಿ ಬರೆದ ದಿನಕ್ಕಿಂತ ಆ ದಿನ ನಾನು ಜಾಸ್ತಿ ಕೆಟ್ಟಿದ್ದೆ ಅಂತ ಈಗ ಅನಿಸುತ್ತದೆ. ಮೂಗರ್ಜಿಯಲ್ಲಿ ನನ್ನ ಸುಳ್ಳು ಮಾತ್ರ ಇತ್ತು. ಇಲ್ಲಿ ದೇವರ ಮಾತನ್ನೇ ಕಲ್ಲು ಮಾಡಿ ಉರುಳಿಸಿದೆ.

ಯೋಬನ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಎಲೀಫಜ ಅನ್ನುವ ಗೆಳೆಯ ಇದೇ ಮಾತು ಹೇಳುತ್ತಾನೆ. ಕೇಡನ್ನು ಉತ್ತು ಬಿತ್ತಿದವರು ಅದನ್ನೇ ಕೊಯ್ಯುವುದನ್ನು ನಾನು ನೋಡಿದ್ದೇನೆ ಅಂತ. ಮಾತು ಸರಿಯಾದದ್ದೇ. ಅದನ್ನು ಹೇಳಿದ್ದು ಯಾರಿಗೆ? ಮಕ್ಕಳನ್ನೆಲ್ಲ ಕಳೆದುಕೊಂಡು, ಮೈ ತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತವನಿಗೆ. ತಪ್ಪೇ ಮಾಡದವನಿಗೆ. ಮೊದಲು ಆ ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂತಿದ್ದರು. ಹಾಗೇ ಇನ್ನೊಂದು ವಾರ ಕೂತಿದ್ದರೆ ಎಷ್ಟು ಚೆನ್ನಾಗಿತ್ತು. ಕೊನೆಗೆ ದೇವರಿಗೆ ಸಿಟ್ಟು ಬರುವುದು ಎಲೀಫಜನ ಮೇಲೆ ಮತ್ತು ಉಳಿದ ಇಬ್ಬರು ಗೆಳೆಯರ ಮೇಲೆ. ಅವರಿಗಾಗಿ ಪ್ರಾರ್ಥನೆ ಮಾಡುವವನು ಯಾರು ಹೇಳು? ಯೋಬನೇ.

ಯೇಸುವೂ ಇದನ್ನು ಕೇಳುತ್ತಾನೆ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ, ಅಲ್ಲ, ನೀವು ನಿಮ್ಮನ್ನು ನೋಡಿಕೊಳ್ಳಿ ಅಂತ. ಗುಂಡಿ ತೋಡಿದವನು ಬೀಳುತ್ತಾನೆ ಅಂದರೆ ಬಿದ್ದವರೆಲ್ಲ ತೋಡಿದವರು ಅಂತ ಅಲ್ಲ. ನಾವು ಗಣಿತದ ಮೇಷ್ಟ್ರುಗಳು, ಇಷ್ಟು ಸಣ್ಣ ತರ್ಕ ನನಗೆ ತಿಳಿಯಬೇಕಿತ್ತು. ಎಂಟನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ತಾನೇ ದಿನಾ ಹೇಳಿಕೊಡುವುದು.

ಹೋದ ತಿಂಗಳು ಅವರು ರಿಟೈರ್ ಆದರು. ನಾನು ಆರಾಧನೆಯಿಂದ ಎದ್ದು ಬಂದದ್ದು ಅದಾಗಿ ಒಂದು ವಾರಕ್ಕೆ. ಬೀಳ್ಕೊಡುಗೆಗೆ ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ನಿಮ್ಮ ಕನ್ನಡ ಚೆನ್ನಾಗಿದೆ, ನೀವೇ ಬರೀರಿ, ನೀವೇ ಓದ್ರಿ" ಅಂದರು ಹೆಡ್‌ಮಾಸ್ಟರ್. ಎರಡು ರಾತ್ರಿ ಕೂತು ಬರೆದೆ. ಅವರ ಬಗ್ಗೆ ನನಗೆ ಇಷ್ಟೊಂದು ಒಳ್ಳೆಯದು ಗೊತ್ತಿದೆ ಅಂತ ಬರೆಯುವಾಗಲೇ ತಿಳಿದದ್ದು. ವೇದಿಕೆಯ ಮೇಲೆ ಅವರು ಮೈಸೂರು ಪೇಟ, ಹಾರ ಹಾಕಿಕೊಂಡು ಕೂತಿದ್ದರು. ನಾನು ಮೈಕ್ ಮುಂದೆ ನಿಂತು ಓದಿದೆ. ಓದುತ್ತ ಓದುತ್ತ ಹಾಮಾನ ಕುದುರೆಯ ಮುಂದೆ ಸಾರುತ್ತ ಹೋಗಿದ್ದು ನೆನಪಾಗಿ ನಾಲಗೆ ಒಣಗಿತು. ಒಂದು ಲೋಟ ನೀರು ಕೇಳಿದೆ. ಎಲ್ಲರೂ ನನಗೆ ದುಃಖ ಬಂತು ಅಂದುಕೊಂಡರು.

ಕಾರ್ಯಕ್ರಮ ಮುಗಿದು ಊಟ ಆದಮೇಲೆ ಅವರು ಕಟ್ಟು ಹಾಕಿಸಿದ ಬಿನ್ನವತ್ತಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಟರ್ ಹತ್ತಿರ ಬಂದರು. ನಾನು ಅಲ್ಲೇ ಇದ್ದೆ. ಅವರು ನನ್ನ ಕೈ ಹಿಡಿದುಕೊಂಡರು. "ಚೆನ್ನಾಗಿ ಬರ್ದಿದೀರಿ ಮೇಷ್ಟ್ರೇ. ಈ ತರುವಾಯ ಅನ್ನೋ ಪದ ಈಗ ಯಾರೂ ಬರೆಯಲ್ಲ. ನನ್ನ ಸರ್ವೀಸಿನಲ್ಲಿ ನಾನು ಎರಡೇ ಕಾಗದದಲ್ಲಿ ನೋಡಿದ್ದು" ಅಂದರು.

ಕೈ ಬಿಟ್ಟರು, ಸ್ಕೂಟರ್ ಒದ್ದರು, ಹೋದರು.

ವಿಚಾರಣೆ ದಿನ ಆ ಮೂಗರ್ಜಿಯ ಜೆರಾಕ್ಸ್ ಅವರ ಕೈಗೆ ಕೊಟ್ಟಿದ್ದರು. ಅಂದರೆ ಮೂರು ವರ್ಷ ಅವರಿಗೆ ಗೊತ್ತಿತ್ತು. ಮೂರು ವರ್ಷ ದಿನಾ ಹನ್ನೊಂದು ಗಂಟೆಗೆ ನನ್ನ ಜೊತೆ ಚಹಾ ಕುಡಿದರು. ನನ್ನ ಮಗನಿಗೆ ಜ್ವರ ಬಂದಾಗ ನನ್ನ ಎರಡು ಪೀರಿಯಡ್ ಅವರೇ ತಗೊಂಡರು. ಒಂದು ದಿನವೂ ಬಾಯಿ ಬಿಡಲಿಲ್ಲ. ಹೆಂಡತಿ ಬಿದ್ದಾಗ ಆಸ್ಪತ್ರೆಗೆ ನೋಡಲು ಹೋದ ನನಗೆ ಮೂಸಂಬಿ ಸುಲಿದುಕೊಟ್ಟರು ಕಣೋ. ನಾನು ಒಳಗೆ ಏನು ಅಂದುಕೊಂಡು ಹೋಗಿದ್ದೆ, ಅವರು ಏನು ತಿಳಿದುಕೊಂಡು ಸುಲಿಯುತ್ತಿದ್ದರು, ನೆನೆಸಿಕೊಂಡರೆ ಇವತ್ತೂ ಊಟ ಸೇರುವುದಿಲ್ಲ.

ಹಿಡಿದುಕೊಟ್ಟದ್ದು ಅಜ್ಜಿಯ ಪದ ನೋಡು. ಹರಿಹರಕ್ಕೆ ಹೋದೆ, ಕೈಬರಹ ಬೇಡ ಅಂತ ಟೈಪ್ ಮಾಡಿಸಿದೆ, ಬೇರೆ ಊರಿನ ಅಂಚೆ ಮುದ್ರೆ ಬೀಳುವ ಹಾಗೆ ನೋಡಿಕೊಂಡೆ. ಸತ್ಯವೇದದಿಂದ ಬಂದ ಒಂದು ಪದ ನನಗೇ ಗೊತ್ತಿಲ್ಲದ ಹಾಗೆ ಆ ಕಾಗದದಲ್ಲಿ ಹೋಗಿ ಕೂತಿತ್ತು.

ಆರಾಧನೆಯಿಂದ ಎದ್ದು ಬಂದ ಆ ಭಾನುವಾರ ಸಂಜೆ 7ನೇ ಕೀರ್ತನೆಯನ್ನು ಮೊದಲಿನಿಂದ ಓದಿದೆ. ಅದರ ಗುಂಡಿಯ ಮಾತು ಬರುವುದು 15ನೇ ವಚನದಲ್ಲಿ. ನಾನು ಯಾವಾಗಲೂ ನೇರ ಅಲ್ಲಿಗೇ ಹೋಗುತ್ತಿದ್ದೆ. ಮೇಲೆ 3ನೇ ವಚನದಿಂದ ದಾವೀದ ಬೇರೆಯೇ ಹೇಳುತ್ತಿದ್ದಾನೆ. ದೇವರೇ, ನನ್ನ ಕೈಯಲ್ಲಿ ತಪ್ಪಿದ್ದರೆ, ನಾನು ಕೇಡು ಮಾಡಿದ್ದರೆ, ವೈರಿ ನನ್ನನ್ನು ಹಿಡಿದು ನೆಲಕ್ಕೆ ಹಾಕಿ ತುಳಿಯಲಿ ಅನ್ನುತ್ತಾನೆ. ಗುಂಡಿಯ ಮಾತಿಗಿಂತ ಮುಂಚೆ ಅವನು ತನ್ನ ಕೈ ನೋಡಿಕೊಂಡಿದ್ದಾನೆ. ನಾನು 12 ವಚನ ಹಾರಿ ಓದುತ್ತಿದ್ದೆ.

ಮೊನ್ನೆ ಹೊಳಲ್ಕೆರೆ ಹತ್ತಿರ ಮಾವನ ತೋಟಕ್ಕೆ ಹೋಗಿದ್ದೆವು. ತೆಂಗಿನ ಸಸಿ ಇಡಲು ಗುಂಡಿ ತೋಡಿಸುತ್ತಿದ್ದರು, 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ನಾನೂ ಸಲಿಕೆ ತಗೊಂಡೆ. ಮೇಲೆ ನಿಂತು ಬಗ್ಗಿ ಬಗ್ಗಿ ಮಣ್ಣು ತೆಗೆಯುತ್ತಿದ್ದೆ. ಕೆಲಸಕ್ಕೆ ಬಂದ ಅಜ್ಜ ಒಬ್ಬರು ನೋಡಿ, "ಮೇಲೆ ನಿಂತ್ರೆ ಆಗಲ್ಲ ಸ್ವಾಮಿ, ಒಳಗೆ ಇಳೀರಿ. ಗುಂಡಿ ತೋಡೋನು ಗುಂಡ್ಯಾಗೇ ಇರ್ಬೇಕು" ಅಂದರು. ಇಳಿದೆ. ತೊಡೆಮಟ್ಟ ಆದಾಗ ಸಲಿಕೆ ಬಿಟ್ಟು ಅಲ್ಲೇ ಕೂತುಬಿಟ್ಟೆ. ನಮ್ಮವಳು ತಲೆ ಸುತ್ತಿತಾ ಅಂತ ಓಡಿ ಬಂದಳು. ಅವತ್ತು ರಾತ್ರಿ ಅವಳಿಗೆ ಎಲ್ಲ ಹೇಳಿದೆ. ಅವಳು ಅತ್ತಳು, ಬೈದಳು, ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ನಂಗೆ ಹೇಳಿದ್ದು ಸಾಲಲ್ಲ, ಅವ್ರ ಮನೆಗೆ ಹೋಗಿ ಹೇಳಿ ಬನ್ನಿ" ಅಂದಳು.

ಅದಕ್ಕೇ ಇದನ್ನು ಇಲ್ಲಿ ಬರೆದೆ. ಹೆಸರಿಲ್ಲದ ಕಾಗದ ಬರೆದವನು ಒಂದು ಸಲವಾದರೂ ಹೆಸರು ಹಾಕಿ ಬರೆಯಬೇಕು ಅನಿಸಿತು. ಮೇಲೆ ನನ್ನ ಹೆಸರೂ ಇದೆ, ಫೋಟೋನೂ ಇದೆ. ನಮ್ಮ ಶಾಲೆಯವರು ಓದುತ್ತಾರೆ, ಓದಲಿ. ಆ ಹುಡುಗನ ಅಪ್ಪನನ್ನು ಭಟ್ಟಿಗೆ ಹೋಗಿ ಕಂಡು ಬಂದೆ. ಮರುಪರೀಕ್ಷೆಗೆ ಕಟ್ಟಿಸುತ್ತೇನೆ, ನಾನೇ ಹೇಳಿಕೊಡುತ್ತೇನೆ ಅಂದೆ, ಶಾಲೆಯವರ ಸಹಿ ಕಾಗದ ಏನೇ ಹೇಳಲಿ. ಯಾಕೆ ಅಂತ ಅವರು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ ಅಂತ ಅಂದುಕೊಂಡಿದ್ದೇನೆ.

ಮೇಷ್ಟ್ರ ಮನೆಗೆ ಮಾತ್ರ ಇನ್ನೂ ಹೋಗಿಲ್ಲ. ಅವರು ಈಗ ದುರ್ಗದಲ್ಲಿ ಇದ್ದಾರೆ, ಕೋಟೆಯ ಹತ್ತಿರ ಅವರ ತಂದೆಯ ಮನೆ. ಹೋದ ಭಾನುವಾರ ಬಸ್‌ಸ್ಟ್ಯಾಂಡ್ ತನಕ ಹೋದೆ. ದುರ್ಗದ ಬಸ್ ಎದುರಿಗೇ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಎರಡು ಬಸ್ ಬಿಟ್ಟು ಮನೆಗೆ ಬಂದೆ. ನಮ್ಮ ಏಳನೇ ಕ್ಲಾಸಿನ ಟ್ರಿಪ್‌ನಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತು, ಕಳ್ಳದಾರಿಯಲ್ಲಿ ಬಂದವರಿಗೆ ಹೀಗೇ ಆಗಬೇಕು ಅಂತ ನಾನು ದೊಡ್ಡದಾಗಿ ಭಾಷಣ ಮಾಡಿದ್ದೆನಲ್ಲ. ನೀನು ಆಗ ಆ ಕಿಂಡಿಯೊಳಗೆ ತಲೆ ಹಾಕಿ ಏನೋ ಕೂಗಿದೆ, ಮೇಷ್ಟ್ರು ನಿನ್ನ ಕಿವಿ ಹಿಂಡಿದರು. ಏನು ಕೂಗಿದೆ ಅಂತ ಇಲ್ಲಿ ಬರೆಯುವುದಿಲ್ಲ, ನಿನ್ನ ಮಗಳೂ ಓದುತ್ತಾಳೆ.

ಸರಿ, ಬಹಳ ಆಯಿತು. ಬರೆಯಲು ಕೂತಾಗ ಅರ್ಧ ಪುಟ ಅಂದುಕೊಂಡಿದ್ದೆ. ನೀನು ಮುಂದಿನ ಶನಿವಾರ ರೈಲಿಗೆ ಬಂದುಬಿಡು. ರಾತ್ರಿ ನಮ್ಮಲ್ಲೇ ಇರು, ಬೆಳಿಗ್ಗೆ ಬೆಣ್ಣೆ ದೋಸೆ ತಿನ್ನೋಣ, ಒಂದು ಖಾಲಿ ದೋಸೆ ಜಾಸ್ತಿ ಹೇಳೋಣ. ಆಲೂಗಡ್ಡೆ ಪಲ್ಯ ನಿನಗೇ ಬಿಡುತ್ತೇನೆ. ಆಮೇಲೆ ಒಂಬತ್ತರ ಬಸ್ಸಿಗೆ ದುರ್ಗಕ್ಕೆ ಹೋಗೋಣ. ಮನೆಯೊಳಗೆ ನೀನು ಬರಬೇಕಾಗಿಲ್ಲ, ಗೇಟಿನ ಹೊರಗೆ ನಿಂತಿದ್ದರೆ ಸಾಕು. ನನ್ನನ್ನು ಬಸ್ ಹತ್ತಿಸುವುದಷ್ಟೇ ನಿನ್ನ ಕೆಲಸ. ಸೈಕಲ್ ಬೇಕಾದರೆ ತಗೊಂಡು ಹೋಗು, ಅದು ನಿನ್ನದೇ.

ಇಂತಿ ನಿನ್ನ,
ತರುವಾಯ